ಕೇಳುವ ಧರ್ಮ

ಕನ್ನಡದಲ್ಲಿ 'ಕೇಳು' ಎಂಬ ಧಾತುವಿಗೆ ಮೂರು ಅರ್ಥಗಳುಂಟು. ಕಿವಿಗೊಟ್ಟು ಆಲಿಸುವುದೂ ಕೇಳುವುದೇ. ಪ್ರಶ್ನೆ ಮಾಡುವುದೂ ಕೇಳುವುದೇ. ಹೇಳಿದಂತೆ ನಡೆದುಕೊಳ್ಳುವುದೂ ಕೇಳುವುದೇ. 'ಮಗ ಹೇಳಿದ ಮಾತು ಕೇಳುವುದಿಲ್ಲ' ಎಂದು ತಾಯಿಯು ಕೊರಗುವಾಗ ಹುಡುಗನಿಗೆ ಕಿವುಡೆಂದು ಯಾರೂ ಭಾವಿಸರು. ಒಂದೇ ಮಾತಿನಲ್ಲಿ ಈ ಮೂರು ಅರ್ಥಗಳೂ ಕೂಡಿಕೊಂಡಿರುವುದು ಭಾಷೆಯ ಬಡತನವಲ್ಲ. ಪ್ರಶ್ನೆಮಾಡಿದವನು ಉತ್ತರವನ್ನು ಆಲಿಸಬೇಕು, ಆಲಿಸಿದವನು ಅದಕ್ಕೆ ತಕ್ಕಂತೆ ನಡೆಯಬೇಕು ಎಂದು ಪೂರ್ವಿಕರು ಎಣಿಸಿದ್ದಿರಬಹುದು. ಆದರೆ ಒಂದು ರಾಜ್ಯದ ಶಾಸನಸಭೆಯು ಮಸೂದೆಯೊಂದನ್ನು ಸಮಿತಿಯ ವಶಕ್ಕೊಪ್ಪಿಸಿ, ಆ ಸಮಿತಿಯವರು ಊರೂರಿನ ಸಾಕ್ಷಿಗಳನ್ನು ಕರೆಯಿಸಿ ಹೇಳಿಕೆಗಳನ್ನು ಬರೆಯಿಸಿಕೊಳ್ಳುವಾಗ, ಅವರು ಯಾವ ಅರ್ಥದಲ್ಲಿ ಕೇಳುತ್ತಾರೆ? ಮೊದಲಿನ ಎರಡು ಅರ್ಥಗಳಲ್ಲಿ ಎಂಬುದು ಸ್ಪಷ್ಟ. ಮೂರನೆಯ ಅರ್ಥದಲ್ಲಿಯೂ ಕೇಳಬೇಕಾದರೆ ಶಾಸನ ಮಾಡುವ ಅಧಿಕಾರವು ಸಾಕ್ಷಿಗಳದಾಗುವುದೇ ಹೊರತು ಸಭೆಯದಾಗಲಾರದು. ಕೇಳಬೇಕಾಗಿಲ್ಲವೆಂದರೆ, ಬಂದವನನ್ನು ದೂರದಿಂದ ಕರೆಯಿಸಿ ಅವನ ಗಾಯವನ್ನು ಬಿಚ್ಚಿಸಿ ನೋಡಿ ಕಳುಹಿಸಿಬಿಡುವುದು ಯಾವ ನ್ಯಾಯ?

ಸಮಿತಿಗಳ ಕಾರ್ಯಕ್ರಮವನ್ನು ವಾಚಕರಲ್ಲಿ ಹಲವರು ಬಲ್ಲರು. ಮಸೂದೆಯು ಸಭೆಯಲ್ಲಿ ಮಂಡಿತವಾಗುತ್ತದೆ, ಗೆಜೆಟ್ಟಿನಲ್ಲಿ ಪ್ರಕಟವಾಗುತ್ತದೆ. ಬೇಕೆಂದಾಗ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಸುತ್ತಿಬರುತ್ತದೆ. ಬಳಿಕ ಕೆಲವರೇ ಸದಸ್ಯರುಳ್ಳ ಒಂದು ಸಮಿತಿಯು ಅದನ್ನು ಪ್ರಕರಣ ಪ್ರಕರಣವಾಗಿ ಬಿಡಿಸಿ ನೋಡಿ, ತಿದ್ದಿ, ವರದಿಯೊಡನೆ ಹಿಂದಿರುಗಿಸುತ್ತದೆ. ಒಪ್ಪದ ಸದಸ್ಯನು ತನ್ನ ಭಿನ್ನಾಭಿಪ್ರಾಯವನ್ನು ವರದಿಯ ಕೊನೆಯಲ್ಲಿ ಬರೆದಿಡಬಹುದು. ತುಂಬಿದ ಸಭೆಯಲ್ಲಿ ಭಾಷಣಗಳಾಗುತ್ತವೆ. ಕೆಲಸವಾಗುವುದು ಈ ಚಿಕ್ಕ ಕೊಠಡಿಯಲ್ಲಿ. ಎಷ್ಟೋ ಮಸೂದೆಗಳು ಇಲ್ಲಿಯೇ ಜೀವ ಪಡೆದಿವೆ. ಎಷ್ಟೋ ಇಲ್ಲಿಯೇ, ಯಾರೂ ಕೊಂದರೆಂದು ಹೇಳಲಾಗದಂತೆ, ಸದ್ದಿಲ್ಲದೆ ಸತ್ತಿವೆ.

ಕೇಳುವ ಸಭೆಗಳ ದೋಷವು ಹೊಸದೇನೂ ಅಲ್ಲ. ಮಹಾಭಾರತದ ದ್ಯೂತಸಭೆಯಲ್ಲಿ ದ್ರೌಪದಿಯು ಅಳುತ್ತ ನಿಂತಳೆಂಬುದನ್ನು ಎಲ್ಲರೂ ನೆನೆಯುತ್ತಾರೆ. ಆಕೆ ಪ್ರಶ್ನೆಯೊಂದನ್ನು ಕೇಳಿದಳೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ತನ್ನನ್ನು ತಾನೇ ಸೋತವನಿಗೆ ಹೆಂಡತಿಯನ್ನು ಪಣವಾಗಿಡುವ ಅಧಿಕಾರವುಂಟೆ ಎಂಬುದು ಆಕೆಯ ಪ್ರಶ್ನೆ. ಅದು ಕರುಣೆಯ ಬೇಡಿಕೆಯಲ್ಲ, ಶಾಸ್ತ್ರದ ಪ್ರಶ್ನೆ. ಸಭೆಯಲ್ಲಿದ್ದ ವೃದ್ಧರೆಲ್ಲರೂ ಆಲಿಸಿದರು. ಭೀಷ್ಮನು ಧರ್ಮವು ಸೂಕ್ಷ್ಮವೆಂದನು. ವಿಕರ್ಣನೆಂಬ ಕಿರಿಯನೊಬ್ಬನು ಉತ್ತರ ಹೇಳಿದಾಗ ಅವನು ಕಿರಿಯನೆಂಬುದೇ ಅವನ ಬಾಯಿ ಮುಚ್ಚಿಸಲು ಸಾಕಾಯಿತು. ಆ ಸಭೆಯಲ್ಲಿ ಕಿವಿಗಳಿಗೆ ಕೊರತೆಯಿರಲಿಲ್ಲ. ಉದ್ಯೋಗಪರ್ವದ ಧೃತರಾಷ್ಟ್ರನಂತೂ ನಿದ್ರೆ ಬಾರದ ಇರುಳಲ್ಲಿ ವಿದುರನನ್ನು ಕರೆಯಿಸಿಕೊಂಡು ನೀತಿಯೆಲ್ಲವನ್ನೂ ಹೇಳಿಸಿಕೊಂಡನು. ನೀನೆಂದುದು ಸರಿ, ನನ್ನ ಬುದ್ಧಿಯೂ ಅತ್ತಲೇ ಹರಿಯುತ್ತದೆ, ಆದರೆ ದುರ್ಯೋಧನನನ್ನು ಕಂಡೊಡನೆ ತಿರುಗಿಬಿಡುತ್ತದೆ ಎಂದು ಕಡೆಯಲ್ಲಿ ಒಪ್ಪಿಕೊಂಡನು. ಆತನು ಕಪಟಿಯಲ್ಲ, ನಿಜವಾಗಿಯೂ ಆಲಿಸಿದನು. ಆತನಿಗೆ ಶ್ರವಣಸುಖವುಂಟು, ಶ್ರವಣಫಲವಿಲ್ಲ. ಇಂದಿನ ಸಮಿತಿಗಳ ಸಾವಿರ ಪುಟಗಳ ಸಾಕ್ಷ್ಯಸಂಪುಟಗಳನ್ನು ಕಂಡಾಗ ಈ ಕುರುಡರಸನ ಇರುಳು ನೆನಪಿಗೆ ಬಂದರೆ ಆಶ್ಚರ್ಯವಿಲ್ಲ.

ಆದರೆ ಪುರಾಣದ ದೃಷ್ಟಾಂತದಿಂದ ಪ್ರಶ್ನೆಯು ಬಿಡಿಸಿಹೋಗುವುದಿಲ್ಲ. ಅಲ್ಲಿ ಧರ್ಮವು ಯಾವ ಕಡೆಯಿತ್ತೆಂಬುದು ಓದುವವನಿಗೆ ಮೊದಲೇ ಗೊತ್ತು. ನಡೆದ ಸಂಗತಿಗಳನ್ನು ನೋಡಬೇಕು.

1832ರಲ್ಲಿ ಇಂಗ್ಲೆಂಡಿನ ಕಾಮನ್ಸ್ ಸಭೆಯಲ್ಲಿ ಮೈಕೆಲ್ ಸ್ಯಾಡ್ಲರ್ ಎಂಬ ಸದಸ್ಯನು, ಗಿರಣಿಗಳಲ್ಲಿ ದುಡಿಯುವ ಮಕ್ಕಳ ಕೆಲಸದ ವೇಳೆಯನ್ನು ದಿನಕ್ಕೆ ಹತ್ತು ಗಂಟೆಗೆ ಮಿತಗೊಳಿಸುವ ಮಸೂದೆಯನ್ನು ಮುಂದಿಟ್ಟನು. ಮಸೂದೆಯು ಒಂದು ಸೆಲೆಕ್ಟ್ ಕಮಿಟಿಗೆ ಹೋಯಿತು. ಅದಕ್ಕೆ ಸ್ಯಾಡ್ಲರನೇ ಅಧ್ಯಕ್ಷನಾದನು. ಆ ವರ್ಷದ ಏಪ್ರಿಲ್ ತಿಂಗಳಿಂದ ಆಗಸ್ಟಿನವರೆಗೆ ಸಮಿತಿಯು ಸಾಕ್ಷಿಗಳನ್ನು ವಿಚಾರಿಸಿತು. ಬಂದವರಲ್ಲಿ ವೈದ್ಯರಿದ್ದರು, ಮೇಸ್ತ್ರಿಗಳಿದ್ದರು; ಹೆಚ್ಚಾಗಿ, ಬಾಲ್ಯದಲ್ಲಿಯೇ ಗಿರಣಿಗೆ ಸೇರಿ ಅಲ್ಲಿಯೇ ಬೆಳೆದ ಕೂಲಿಗಳಿದ್ದರು. ಎಲಿಜಬೆತ್ ಬೆಂಟ್ಲಿ ಎಂಬಾಕೆಗೆ ಆಗ ಇಪ್ಪತ್ತಮೂರು ವರ್ಷ. ಆಕೆ ಆರನೆಯ ವಯಸ್ಸಿನಲ್ಲಿ ಲೀಡ್ಸ್ ಪಟ್ಟಣದ ಅಗಸೆನಾರಿನ ಗಿರಣಿಯಲ್ಲಿ ಕೆಲಸಕ್ಕೆ ನಿಂತಿದ್ದಳು. ಕೆಲಸ ಬಿರುಸಾಗಿದ್ದ ದಿನಗಳಲ್ಲಿ ಬೆಳಗಿನ ಐದು ಗಂಟೆಯಿಂದ ರಾತ್ರಿ ಒಂಬತ್ತರವರೆಗೆ ದುಡಿತ. ಊಟಕ್ಕೆ ನಡುವೆ ನಲವತ್ತು ನಿಮಿಷ. ಕೈ ನಿಧಾನವಾದರೆ ತೊಗಲಪಟ್ಟಿಯ ಏಟು. ಭಾರವಾದ ಬುಟ್ಟಿಗಳನ್ನು ಎಳೆದೆಳೆದು ಮೂಳೆಗಳು ಸರಿದು ಮೈ ಸೊಟ್ಟಗಾಗಿದ್ದಿತು. ಈಗ ಎಲ್ಲಿರುವೆ ಎಂದು ಸಮಿತಿಯವರು ಕೇಳಿದಾಗ ಆಕೆ ಬಡವರ ಛತ್ರದಲ್ಲಿ ಇರುವೆನೆಂದಳು. ಈ ಪ್ರಶ್ನೋತ್ತರಗಳು ಇಂದಿಗೂ ಅಚ್ಚಿನಲ್ಲಿವೆ. ಪ್ರಶ್ನೆಗಳು ಚಿಕ್ಕವು, ಉತ್ತರಗಳು ಇನ್ನೂ ಚಿಕ್ಕವು. ಯಾವ ಕಾದಂಬರಿಕಾರನೂ ಅಷ್ಟು ಕಡಮೆ ಮಾತುಗಳಲ್ಲಿ ಅಷ್ಟನ್ನು ಹೇಳಿಲ್ಲ.

ಇಲ್ಲಿಯವರೆಗೆ ಕಥೆಯು ನೇರವಾಗಿದೆ. ಇನ್ನುಮುಂದೆ ತೊಡಕು. ಸ್ಯಾಡ್ಲರನು ಮಸೂದೆಯ ಕರ್ತನು. ಸಮಿತಿಯ ಅಧ್ಯಕ್ಷನೂ ಅವನೇ. ಆತನ ತೀರ್ಮಾನವು ಮೊದಲೇ ಆಗಿದ್ದಿತು. ತನಗೆ ಬೇಕಾದ ಸಾಕ್ಷಿಗಳನ್ನು ಮೊದಲು ಕರೆಯಿಸಿದನು. ಗಿರಣಿಯ ಒಡೆಯರ ಕಡೆಯ ಸಾಕ್ಷ್ಯವು ಪೂರ್ತಿಯಾಗಿ ಬರುವ ಮೊದಲೇ ಅಧಿವೇಶನವು ಮುಗಿಯಿತು. ಒಂದು ಪಕ್ಷದ ಸಾಕ್ಷ್ಯವೇ ಅಚ್ಚಾಗಿ ದೇಶದಲ್ಲೆಲ್ಲ ಹರಡಿತು. ಅಂದಿನ ಕಾಮನ್ಸ್ ಸಮಿತಿಗಳಿಗೆ ಪ್ರಮಾಣ ಮಾಡಿಸುವ ಅಧಿಕಾರವೂ ಇರಲಿಲ್ಲ. ಒಡೆಯರು ಇದು ಅನ್ಯಾಯವೆಂದು ಕೂಗಿದರು. ಅವರು ಕೂಗಿದುದು ಲಾಭದಾಸೆಯಿಂದ ಎನ್ನಬಹುದು. ಆದರೆ ಕೂಲಿಗಳ ಪಕ್ಷಪಾತಿಯೆಂದು ಲೋಕವೆಲ್ಲ ಬಲ್ಲ ಫ್ರೆಡರಿಕ್ ಎಂಗೆಲ್ಸನು ಸಹ 1845ರ ತನ್ನ ಗ್ರಂಥದಲ್ಲಿ, ಆ ವರದಿಯು ಒಂದೇ ಪಕ್ಷವನ್ನು ಹಿಡಿದುದೆಂದೂ ಸ್ಯಾಡ್ಲರನು ತನ್ನ ಉದಾತ್ತ ಉತ್ಸಾಹದಿಂದಲೇ ದಾರಿತಪ್ಪಿದನೆಂದೂ ಒಪ್ಪಿಕೊಂಡನು. ಮೊದಲೇ ನಿಶ್ಚಯಿಸಿದವನು ಕೇಳುವ ಕೇಳಿಕೆಯು ಕೇಳಿಕೆಯೇ? ಪುಣ್ಯಕಾರ್ಯಕ್ಕಾಗಿ ಕಿವಿಯ ಒಂದು ಬಾಗಿಲನ್ನು ಮುಚ್ಚಬಹುದೆ?

ಮುಂದಾದುದು ಇನ್ನೂ ಸ್ವಾರಸ್ಯಕರವಾಗಿದೆ. 1832ರ ಡಿಸೆಂಬರಿನ ಚುನಾವಣೆಯಲ್ಲಿ ಸ್ಯಾಡ್ಲರನು ಲೀಡ್ಸಿನಲ್ಲಿ ಸೋತನು. ಗೆದ್ದ ಇಬ್ಬರಲ್ಲಿ ಒಬ್ಬನು ಅಗಸೆಗಿರಣಿಯ ಒಡೆಯನ ಮಗ, ಇನ್ನೊಬ್ಬನು ಮೆಕಾಲೆ. ಎರಡು ವರ್ಷಗಳೊಳಗೆ ಇದೇ ಮೆಕಾಲೆಯು ಶಾಸನಕರ್ತನಾಗಿ ಹಿಂದೂದೇಶಕ್ಕೆ ಬಂದು ಇಲ್ಲಿಯ ದಂಡಸಂಹಿತೆಯ ಕರಡನ್ನು ರಚಿಸಲು ಕುಳಿತನೆಂಬುದು ಚರಿತ್ರೆಯ ಒಂದು ವಿನೋದ. ಹೊಸ ಪಾರ್ಲಿಮೆಂಟು, ಸ್ಯಾಡ್ಲರನ ಸಾಕ್ಷ್ಯವು ಸಾಲದೆಂದು, ಒಂದೇ ಒಂದು ಮತದ ಅಂತರದಿಂದ ನಿರ್ಣಯಿಸಿ, ರಾಜನಿಯೋಗವೊಂದನ್ನು 1833ರಲ್ಲಿ ಕಳುಹಿಸಿತು. ಆ ನಿಯೋಗದವರು ಊರುಗಳಿಗೇ ಹೋಗಿ ಪ್ರಮಾಣ ಮಾಡಿಸಿ ಎರಡು ಪಕ್ಷಗಳನ್ನೂ ವಿಚಾರಿಸಿದರು. ಆದರೆ ಬಾಗಿಲು ಮುಚ್ಚಿಕೊಂಡು ವಿಚಾರಿಸಿದರು. ಈಗ ಅನ್ಯಾಯವೆಂದು ಕೂಗುವ ಸರದಿ ಸ್ಯಾಡ್ಲರನದಾಯಿತು. ಗುಟ್ಟಿನ ವಿಚಾರಣೆಯನ್ನು ಖಂಡಿಸಿ ಆತನು ಲೀಡ್ಸಿನಲ್ಲಿ ಪತ್ರಿಕೆಯನ್ನೇ ಅಚ್ಚುಹಾಕಿಸಿದನು. ಕೂಲಿಗಳು ಅನೇಕ ಕಡೆಗಳಲ್ಲಿ ನಿಯೋಗದ ಮುಂದೆ ಹೋಗಲೊಪ್ಪಲಿಲ್ಲ. ಆದರೂ ನಿಯೋಗದವರು ಮಕ್ಕಳ ದುಡಿತವು ಮಿತಿಮೀರಿದೆಯೆಂದೂ ಅದರಿಂದ ಅವರ ಮೈ ಕೆಡುತ್ತಿದೆಯೆಂದೂ ಬರೆದರು. 1833ರ ಆಗಸ್ಟಿನಲ್ಲಿ ಶಾಸನವಾಯಿತು. ರೇಷ್ಮೆಯ ಗಿರಣಿಗಳನ್ನುಳಿದು ಮಿಕ್ಕ ಬಟ್ಟೆಗಿರಣಿಗಳಲ್ಲಿ ಒಂಬತ್ತು ವರ್ಷ ತುಂಬದ ಮಕ್ಕಳನ್ನು ಇಟ್ಟುಕೊಳ್ಳಕೂಡದು. ಒಂಬತ್ತರಿಂದ ಹದಿಮೂರರ ಮಕ್ಕಳಿಗೆ ವಾರಕ್ಕೆ 48 ಗಂಟೆ. ಹದಿನೆಂಟರವರೆಗೆ ದಿನಕ್ಕೆ ಹನ್ನೆರಡು ಗಂಟೆ. ಮೇಲ್ವಿಚಾರಣೆಗೆ ನಾಲ್ವರು ಇನ್‌ಸ್ಪೆಕ್ಟರರು. ಹತ್ತು ಗಂಟೆಯ ಶಾಸನವಾಗಬೇಕಾದರೆ 1847ರವರೆಗೆ ಕಾಯಬೇಕಾಯಿತು. ಸ್ಯಾಡ್ಲರನು 1835ರಲ್ಲಿಯೇ ತೀರಿಕೊಂಡಿದ್ದನು.

ಎರಡು ವಿಚಾರಣೆಗಳಲ್ಲಿ ಯಾವುದು ಹೆಚ್ಚು ಧರ್ಮಸಮ್ಮತ? ಹೊರನೋಟಕ್ಕೆ ಎರಡನೆಯದೇ. ಪ್ರಮಾಣವುಂಟು, ಎರಡು ಪಕ್ಷಗಳುಂಟು. ಆದರೆ ಮೊದಲನೆಯದು ನಡೆಯದಿದ್ದರೆ ಎರಡನೆಯದು ಹುಟ್ಟುತ್ತಲೇ ಇರಲಿಲ್ಲವೆಂಬುದನ್ನು ಮರೆಯಬಾರದು. ಗಿರಣಿಯ ಒಡೆಯನ ಮಾತು ಸಮಿತಿಯ ಮುಂದೆ ಬರಬೇಕಾಗಿಯೇ ಇರಲಿಲ್ಲ. ಅದು ಸಭೆಯ ಬೆಂಚುಗಳ ಮೇಲೆಯೇ ಕುಳಿತಿದ್ದಿತು, ಪತ್ರಿಕೆಗಳಲ್ಲಿ ನಿತ್ಯವೂ ಅಚ್ಚಾಗುತ್ತಿದ್ದಿತು. ಎಲಿಜಬೆತ್ ಬೆಂಟ್ಲಿಯ ಮಾತಿಗೆ ಆ ಕೊಠಡಿಯಲ್ಲದೆ ಬೇರೆ ಸ್ಥಳವಿರಲಿಲ್ಲ. ಸಮಿತಿಯು ಎಲ್ಲರಿಗೂ ಸಮನಾಗಿ ಕಿವಿಗೊಡಬೇಕೆಂಬುದು ನಿಜ. ಆದರೆ ಲೋಕವು ಅದಕ್ಕೆ ಮುನ್ನವೇ ಒಬ್ಬನಿಗೆ ನೂರು ಕಿವಿ ಕೊಟ್ಟು ಇನ್ನೊಬ್ಬಳಿಗೆ ಒಂದನ್ನೂ ಕೊಡದೆ ಇದ್ದಲ್ಲಿ, ಸಮತೆಯ ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕು? ಹಾಗೆಂದು ಸ್ಯಾಡ್ಲರನ ದೋಷವು ಗುಣವಾಗಿಬಿಡುವುದಿಲ್ಲ. ಒಡೆಯರನ್ನು ಆತನೇ ಕರೆಯಿಸಿ ಪಾಟೀಸವಾಲು ಮಾಡಿದ್ದರೆ, ಎಂಗೆಲ್ಸನಂಥವನು ಬಿಡಲಿ, ಆ ಒಡೆಯರೇ ವರದಿಯನ್ನು ತಳ್ಳಿಹಾಕಲು ಹಿಂಜರಿಯುತ್ತಿದ್ದರು. ಎದುರಾಳಿಯ ಮಾತು ಕೇಳುವುದು ಎದುರಾಳಿಗೆ ಮಾತ್ರ ಮಾಡುವ ಉಪಕಾರವಲ್ಲ.

ಇನ್ನೊಂದು ಸಂಗತಿಯು ಮೇಲಿನ ತರ್ಕಕ್ಕಿಂತ ಮನಸ್ಸನ್ನು ಹೆಚ್ಚಾಗಿ ಕಲಕುತ್ತದೆ. ಸಾಕ್ಷ್ಯ ಹೇಳಿ ಹಿಂದಿರುಗಿದ ಕೂಲಿಗಳಲ್ಲಿ ಕೆಲವರನ್ನು, ಸಾಕ್ಷ್ಯ ಹೇಳಿದುದಕ್ಕಾಗಿಯೇ ಕೆಲಸದಿಂದ ತೆಗೆದುಹಾಕಿದರೆಂದು ಸ್ಯಾಡ್ಲರನು ಸಭೆಯಲ್ಲಿ ದೂರಿಕೊಂಡನು. ಅವರನ್ನು ಕರೆಯಿಸಿದ ಸಭೆಗೆ ಅವರನ್ನು ಕಾಯುವ ಉಪಾಯವಿರಲಿಲ್ಲ. ಬಂದ ಶಾಸನದಿಂದ ಅವರಿಗೆ ಫಲವೂ ಇಲ್ಲ. ಅವರ ಬಾಲ್ಯವು ಕಳೆದುಹೋಗಿದ್ದಿತು. ಎಲಿಜಬೆತಳ ಬೆನ್ನು ಯಾವ ಪ್ರಕರಣದಿಂದಲೂ ನೆಟ್ಟಗಾಗುವಂತಿರಲಿಲ್ಲ. ಅವರು ಮಾತನಾಡಿದುದು ಬೇರೆಯವರ ಮಕ್ಕಳಿಗಾಗಿ. ಸಾಕ್ಷಿಯನ್ನು ಕರೆಯಿಸುವ ಸಮಿತಿಯು ಆತನಲ್ಲಿ ಸಾಲ ಮಾಡುತ್ತದೆ. ಆ ಸಾಲವನ್ನು ಯಾವ ನಾಣ್ಯದಲ್ಲಿ ತೀರಿಸಬೇಕು?

ಇದಕ್ಕೆ ಉತ್ತರವನ್ನು ಹುಡುಕಲು ಹತ್ತಿರದ ಸಂಗತಿಯೊಂದು ನೆರವಾಗಬಹುದು. 1941ರಲ್ಲಿ ಹಿಂದೂದೇಶದ ಸರ್ಕಾರವು ಹಿಂದೂ ಧರ್ಮಶಾಸ್ತ್ರದಲ್ಲಿನ ಸ್ತ್ರೀಯರ ಆಸ್ತಿಯ ಹಕ್ಕನ್ನು ಕುರಿತು ವಿಚಾರಮಾಡಲು ಒಂದು ಸಮಿತಿಯನ್ನು ನೇಮಿಸಿತು. 1944ರಲ್ಲಿ ಅದೇ ಸಮಿತಿಯನ್ನು ಮತ್ತೆ ಕೂಡಿಸಿ, ಇಡೀ ಹಿಂದೂ ಸಂಹಿತೆಯ ಕರಡನ್ನು ಸಿದ್ಧಪಡಿಸುವ ಭಾರವನ್ನು ವಹಿಸಿತು. ಅಧ್ಯಕ್ಷರಾಗಿದ್ದವರು ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು. ಜತೆಯಲ್ಲಿ ದ್ವಾರಕಾನಾಥ ಮಿತ್ರರು, ಘಾರಪುರೆಯವರು, ವೆಂಕಟರಾಮಶಾಸ್ತ್ರಿಗಳು. ಕರಡು ಪ್ರಕಟವಾಯಿತು, ದೇಶಭಾಷೆಗಳಿಗೆ ಅನುವಾದವಾಯಿತು. 1945ರಲ್ಲಿ ಸಮಿತಿಯು ಬೊಂಬಾಯಿ, ಪುಣೆ, ಕಲ್ಕತ್ತ, ಮದರಾಸು, ಲಾಹೋರು ಮೊದಲಾದ ಪಟ್ಟಣಗಳಲ್ಲಿ ಕುಳಿತು ಸಾಕ್ಷ್ಯವನ್ನು ಪಡೆಯಿತು. ಮಗಳಿಗೂ ತಂದೆಯ ಆಸ್ತಿಯಲ್ಲಿ ಭಾಗವುಂಟೆ, ಏಕಪತ್ನೀತ್ವವನ್ನು ವಿಧಿಸಬಹುದೆ, ವಿವಾಹವಿಚ್ಛೇದನಕ್ಕೆ ಎಡೆಯುಂಟೆ ಎಂಬವು ಪ್ರಶ್ನೆಗಳು. (ನರಸಿಂಗರಾಯರು ಹುಟ್ಟಿದ ಜಿಲ್ಲೆಯಲ್ಲಿಯೇ ಅಳಿಯಸಂತಾನದ ಮನೆಗಳಲ್ಲಿ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಹರಿದುಬರುತ್ತಿದ್ದಿತು, ಮೈಸೂರು ಸಂಸ್ಥಾನದಲ್ಲಿ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವಾಗಿದ್ದಿತು. ಕನ್ನಡನಾಡಿನ ಹಲವು ಮನೆಗಳಿಗೆ ಈ ಪ್ರಶ್ನೆಗಳು ಆಕಾಶದಿಂದ ಬಿದ್ದವಲ್ಲ.)

ಸಾಕ್ಷ್ಯವೆಲ್ಲ ಮುಗಿದ ಬಳಿಕ ದ್ವಾರಕಾನಾಥ ಮಿತ್ರರು ಜತೆಯವರಿಂದ ಬೇರೆಯಾದರು. ಬಂದ ಹೇಳಿಕೆಗಳನ್ನು ಎಣಿಸಿ ನೋಡಿದಲ್ಲಿ ವಿರೋಧಿಸುವವರೇ ಹೆಚ್ಚಾಗಿದ್ದಾರೆ, ಆದುದರಿಂದ ಮುಂದುವರಿಯುವುದು ಸಲ್ಲದು ಎಂಬುದು ಅವರ ಭಿನ್ನಾಭಿಪ್ರಾಯದ ಸಾರ. ಉಳಿದ ಮೂವರು ಕರಡನ್ನು ಮುಂದುವರಿಸಿದರು. 1947ರಲ್ಲಿ ವರದಿಯು ಹೊರಬಿದ್ದಿತು. ಒಂದೇ ಮಾತನ್ನು ನಾಲ್ವರು ಒಂದೇ ಕೊಠಡಿಯಲ್ಲಿ ಕುಳಿತು ಕೇಳಿದರು. ಒಬ್ಬರು ಅದನ್ನು ಎಣಿಸಿದರು, ಮೂವರು ತೂಗಿದರು. ಮಿತ್ರರನ್ನು ಹಳೆಯ ಕಾಲದವರೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಮಸೂದೆಯ ಕರಡಿಗೆ ಕೈಹಾಕಿದ್ದವರೊಬ್ಬರು, ಜನರ ಮಾತು ಕೇಳಿದ ಮೇಲೆ ಹಿಂಜರಿದರು. ಕೇಳುವುದರ ಮೂರನೆಯ ಅರ್ಥವನ್ನು ಆ ನಾಲ್ವರಲ್ಲಿ ನಿಷ್ಠೆಯಿಂದ ಹಿಡಿದವರು ಅವರೇ. ಕೇಳಿದ ಬಳಿಕವೂ ಮನಸ್ಸು ಕದಲದಿದ್ದರೆ ಕೇಳಿದುದೇಕೆ ಎಂಬ ಪ್ರಶ್ನೆಗೆ ಉಳಿದ ಮೂವರೇ ಉತ್ತರ ಹೇಳಬೇಕಾಗುತ್ತದೆ.

ಆ ಉತ್ತರವು ಇಲ್ಲದಿಲ್ಲ. ಎಣಿಸಬೇಕಾದರೆ ಎಲ್ಲರೂ ಎಣಿಕೆಗೆ ಸಿಕ್ಕಿರಬೇಕು. ಪಟ್ಟಣದ ಸಭಾಗೃಹಕ್ಕೆ ಬಂದು ಸಾಕ್ಷ್ಯ ಹೇಳುವವರು ಯಾರು? ವಕೀಲರು, ಪಂಡಿತರು, ಸಭಾಸಂಘಗಳ ಕಾರ್ಯದರ್ಶಿಗಳು, ಕೆಲವರು ವಿದ್ಯಾವತಿಯರು. ಎರಡನೆಯ ಹೆಂಡತಿ ಮನೆಗೆ ಬಂದ ದಿನದಿಂದ ಹಿತ್ತಿಲಿನ ಕೋಣೆಯಲ್ಲಿ ದಿನ ಕಳೆಯುವ ಮೊದಲ ಹೆಂಡತಿಯು ರೈಲು ಹತ್ತಿ ಮದರಾಸಿಗೆ ಹೋಗಿ ಹೇಳಿಕೆ ಕೊಡುವಳೆ? ಆಕೆಯ ಮೌನವನ್ನು ಯಾವ ಪಟ್ಟಿಯಲ್ಲಿ ಬರೆಯಬೇಕು? ಮೌನವನ್ನು ಸಮ್ಮತಿಯೆಂದು ಲೆಕ್ಕಹಾಕುವುದು ರೂಢಿ. ಆದರೆ ಬಾಯಿ ಬಿಟ್ಟರೆ ಅನ್ನಕ್ಕೆ ಸಂಚಕಾರವಾಗುವಲ್ಲಿ ಮೌನವು ಏನನ್ನೂ ಹೇಳುವುದಿಲ್ಲ. ಲೀಡ್ಸಿನ ಕೂಲಿಗಳಿಗೆ ಆದುದನ್ನು ನೆನೆದರೆ ಇದು ತಿಳಿಯುತ್ತದೆ.

ಇದಲ್ಲದೆ ಸಾಕ್ಷ್ಯದಲ್ಲಿಯೇ ಎರಡು ಬಗೆಯುಂಟು. ತನಗೆ ಆದುದನ್ನು ಹೇಳುವುದು ಒಂದು. ಇತರರಿಗೆ ಏನಾಗಬೇಕೆಂದು ಹೇಳುವುದು ಇನ್ನೊಂದು. ಎಷ್ಟು ಗಂಟೆಗೆ ಎದ್ದೆ, ಎಷ್ಟು ಏಟು ತಿಂದೆ ಎಂಬುದರಲ್ಲಿ ಎಲಿಜಬೆತಳ ಮಾತೇ ಪ್ರಮಾಣ. ಅದನ್ನು ಅಲ್ಲಗಳೆಯಬೇಕಾದರೆ ಪ್ರತಿಸಾಕ್ಷ್ಯ ಬೇಕೇ ಹೊರತು ಪಾಂಡಿತ್ಯವು ಸಾಲದು. ಆದರೆ ಮಗಳಿಗೆ ಭಾಗ ಕೊಟ್ಟರೆ ಕುಲವು ಕೆಡುವುದೆಂದು ಹೇಳುವ ಪಂಡಿತನು ತನಗೆ ಆದುದನ್ನು ಹೇಳುತ್ತಿಲ್ಲ; ಅಭಿಪ್ರಾಯವನ್ನು ಹೇಳುತ್ತಿದ್ದಾನೆ. ಅದು ಗೌರವಾರ್ಹವಾದ ಅಭಿಪ್ರಾಯವಿರಬಹುದು. ಆದರೂ ಹತ್ತರಲ್ಲಿ ಒಂದು. ಮೊದಲನೆಯ ಬಗೆಯ ಸಾಕ್ಷಿಗೆ ಸಮಿತಿಯು ನಂಬಿಕೆಯ ಋಣಿ. ಎರಡನೆಯ ಬಗೆಯವನಿಗೆ ಉತ್ತರದ ಋಣಿ. ನಿನ್ನ ಮಾತನ್ನು ಕೇಳಿದೆವು, ಒಪ್ಪಲಿಲ್ಲ, ಕಾರಣವಿದು ಎಂದು ಬರೆದು ಸಹಿಹಾಕಿದರೆ ಆ ಸಾಲವು ತೀರಿತು. ಕಾರಣವನ್ನು ಹೇಳದೆ ಸುಮ್ಮನಿದ್ದರೆ ತೀರಲಿಲ್ಲ.

ಈ ವಿಂಗಡಣೆಯೂ ಪೂರ್ತಿ ನಿಲ್ಲುವುದಿಲ್ಲವೆಂಬುದನ್ನು ಒಪ್ಪಬೇಕು. ಹತ್ತು ಎಕರೆಯ ಹೊಲವು ಇನ್ನೂ ಮೂರು ಹೋಳಾದರೆ ಉಳುಮೆಗೆ ಎತ್ತು ಕಟ್ಟಲಾಗದು ಎನ್ನುವ ರೈತನು ಅಭಿಪ್ರಾಯವನ್ನು ಹೇಳುತ್ತಿರುವನೋ, ತನಗೆ ಬರುವ ಕಷ್ಟವನ್ನು ಹೇಳುತ್ತಿರುವನೋ? ಎರಡನ್ನೂ ಹೇಳುತ್ತಿದ್ದಾನೆ. ತಂದೆಯು ಮಾಡಿದಂತೆಯೇ ಶ್ರಾದ್ಧವನ್ನು ಮಾಡುತ್ತ, ಪಿಂಡ ಹಾಕುವವನಿಗೇ ಆಸ್ತಿಯೆಂದು ನಂಬಿದ ವೃದ್ಧನ ನೋವೂ ನೋವೇ. ಅದು ಇನ್ನೊಬ್ಬರ ಮೇಲಿನ ಅಧಿಕಾರವು ಹೋಗುವ ನೋವೆಂದು ತಿಳಿದವರು ಹೇಳಬಹುದು, ಆದರೆ ನೋಯುವವನಿಗೆ ಆ ಭೇದವು ಕಾಣದು. ಸಮಿತಿಯು ಆತನನ್ನು ನಗೆಗೀಡು ಮಾಡದೆ ಕೇಳಿ, ಆತನ ನೋವಿಗಿಂತ ಹಿತ್ತಿಲಿನ ಕೋಣೆಯವಳ ನೋವು ಭಾರವಾದುದೆಂದು ನಿರ್ಣಯಿಸಿ, ಆ ನಿರ್ಣಯದ ಹೊಣೆಯನ್ನು ತಾನೇ ಹೊರಬೇಕು. ಎಣಿಕೆಯ ಹಿಂದೆ ಅಡಗುವುದು ಆ ಹೊಣೆಯನ್ನು ಜಾರಿಸುವ ಒಂದು ಬಗೆ.

ಕೇಳುವುದೇ ಕುತಂತ್ರವಾಗುವುದೂ ಉಂಟು. ಮಸೂದೆಯನ್ನು ನೇರವಾಗಿ ಸೋಲಿಸುವ ಧೈರ್ಯವಿಲ್ಲದವರು, ಇನ್ನೂ ಅಭಿಪ್ರಾಯ ಸಂಗ್ರಹಿಸೋಣ, ಇನ್ನೊಂದು ಸಮಿತಿಯಾಗಲಿ ಎನ್ನುವರು. ಹಿಂದೂ ಸಂಹಿತೆಯ ವಿಷಯದಲ್ಲಿಯೇ ನೋಡಬಹುದು. 1948ರಲ್ಲಿ ಅದು ಡಾಕ್ಟರ್ ಅಂಬೇಡ್ಕರರ ಅಧ್ಯಕ್ಷತೆಯ ಸೆಲೆಕ್ಟ್ ಕಮಿಟಿಗೆ ಹೋಯಿತು. ವರದಿಯು ಅದೇ ವರ್ಷ ಬಂದಿತು. ಬಳಿಕ ಸಭೆಯಲ್ಲಿ ವರ್ಷಗಟ್ಟಲೆ ಎಳೆದಾಡಿತು. 1951ರಲ್ಲಿ ಅಂಬೇಡ್ಕರರು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು; ಸಂಹಿತೆಯನ್ನು ಕೈಬಿಟ್ಟುದು ಅವರು ಕೊಟ್ಟ ಕಾರಣಗಳಲ್ಲೊಂದು. 1955 ಮತ್ತು 1956ರಲ್ಲಿ ಅದು ನಾಲ್ಕು ಹೋಳಾಗಿ ಶಾಸನವಾಯಿತು. ಮೊದಲ ಸಮಿತಿಯ ನೇಮಕದಿಂದ ಹದಿನೈದು ವರ್ಷ. ಈ ಅವಧಿಯಲ್ಲಿ ಗಂಡನನ್ನು ಕಳೆದುಕೊಂಡು ಬರಿಗೈಯಲ್ಲಿ ತವರಿಗೆ ಮರಳಿದವರ ಪಾಲಿಗೆ ಸಮಿತಿಯ ತಾಳ್ಮೆಯು ಏನು ಫಲ ಕೊಟ್ಟಿತು?

ಇದರ ವಿರುದ್ಧವಾದ ದೋಷವು ಈಚೆಗೆ ಬೆಳೆದಿದೆ. ಭಾರತದ ಪಾರ್ಲಿಮೆಂಟಿನಲ್ಲಿ 1993ರಿಂದ ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯಿಸಮಿತಿಗಳಿವೆ; ಅವುಗಳಿಗೆ ಮಸೂದೆಗಳನ್ನು ಕಳುಹಿಸಬಹುದು, ಆದರೆ ಕಳುಹಿಸಲೇಬೇಕೆಂಬ ಕಟ್ಟಳೆಯಿಲ್ಲ. 2009ರಿಂದ 2014ರ ಲೋಕಸಭೆಯ ಅವಧಿಯಲ್ಲಿ ನೂರಕ್ಕೆ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋದುವು. 2019ರಿಂದ 2024ರ ಅವಧಿಯಲ್ಲಿ ನೂರಕ್ಕೆ 16. ಹದಿನೈದು ವರ್ಷ ಕೇಳುತ್ತ ಕೂರುವುದು ಒಂದು ಅಧರ್ಮವಾದರೆ, ಒಂದು ಮಧ್ಯಾಹ್ನದಲ್ಲಿ ಕೇಳದೆಯೇ ಮುಗಿಸುವುದು ಇನ್ನೊಂದು. ಈ ಸಮಿತಿಗಳು ಬಾಗಿಲು ಮುಚ್ಚಿಕೊಂಡು ಕುಳಿತುಕೊಳ್ಳುವುವೆಂಬುದನ್ನು ಕೆಲವರು ಆಕ್ಷೇಪಿಸುತ್ತಾರೆ. ಸ್ಯಾಡ್ಲರನೂ ಆಕ್ಷೇಪಿಸುತ್ತಿದ್ದನು. ಆದರೆ ಮುಚ್ಚಿದ ಬಾಗಿಲ ಹಿಂದೆ ಸದಸ್ಯನು ತನ್ನ ಪಕ್ಷದ ಕಣ್ಣಿಗೆ ಹೆದರದೆ ಎದುರುಪಕ್ಷದವನ ಮಾತಿಗೆ ತಲೆದೂಗಬಲ್ಲನು. ಬಯಲಿನಲ್ಲಿ ಅದು ಅಪರೂಪ. ಸಾಕ್ಷ್ಯವು ಬಯಲಿನಲ್ಲಿಯೂ ಸಮಾಲೋಚನೆಯು ಒಳಗೂ ನಡೆದರೆ ಎರಡು ಪ್ರಯೋಜನಗಳೂ ಒದಗಬಹುದೇನೋ.

ನರಸಿಂಗರಾಯರ ಕರಡಿನಲ್ಲಿ ಮಿತಾಕ್ಷರದ ಅವಿಭಕ್ತ ಕುಟುಂಬದ ಹುಟ್ಟುಹಕ್ಕನ್ನು ಕೊನೆಗಾಣಿಸುವ ಪ್ರಕರಣಗಳಿದ್ದುವು. 1956ರ ಶಾಸನದಲ್ಲಿ ಆ ಹಕ್ಕು ಗಂಡುಮಕ್ಕಳಿಗೆ ಹಾಗೆಯೇ ಉಳಿಯಿತು. ಮಗಳಿಗೆ ತಂದೆಯ ಪಾಲಿನಲ್ಲಿ ಮಾತ್ರ ಪಾಲು ದೊರಕಿತು. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಸಮಭಾಗಿಯಾದಳು, ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವಳಿಗೆ ಆ ಹಕ್ಕಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿಯು 2004ರಲ್ಲಿ ಮಸೂದೆಯಾಗಿ ಬಂದಾಗ ಅದನ್ನು ಮತ್ತೊಂದು ಸಮಿತಿಗೆ ಕಳುಹಿಸಿದರು. ಆ ಸಮಿತಿಯೂ ಸಾಕ್ಷಿಗಳನ್ನು ಕರೆಯಿಸಿ, ಕೇಳಿ, 2005ರಲ್ಲಿ ವರದಿಯನ್ನೊಪ್ಪಿಸಿತು. ಅದೇ ವರ್ಷ ಶಾಸನವಾಯಿತು. 1945ರಲ್ಲಿ ನಾಲ್ವರ ಮುಂದೆ ನಿಂತು ಮಗಳ ಪರವಾಗಿ ಮಾತನಾಡಿದ್ದ ಹೆಂಗಸರ ಹೇಳಿಕೆಗಳು ಅಷ್ಟು ಹೊತ್ತಿಗೆ ಅರವತ್ತು ವರ್ಷಗಳಷ್ಟು ಹಳೆಯವಾಗಿದ್ದುವು.